ಉಮಾಶ್ರೀಯವರನ್ನು ಇಬ್ಭಾಗ ಮಾಡುವವರಿಗೆ ಒಂದು ತಕರಾರು

ಉಮಾಶ್ರೀಯವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಒಂದೇ ಜಾಡು ಹಿಡಿಯುತ್ತಾರೆ. ದ್ವಂದ್ವಾರ್ಥದ ಹಾಸ್ಯದಲ್ಲಿ ವ್ಯರ್ಥವಾಗುತ್ತಿದ್ದ ನಟಿಯನ್ನು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಕೈಹಿಡಿದು ಎತ್ತಿತು, 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಹಳೆಯ ಕೊಳೆಯನ್ನೆಲ್ಲ ತೊಳೆಯಿತು ಎಂಬುದು ಆ ಜಾಡು. ಕೇಳಲು ಇದು ಮೆಚ್ಚುಗೆಯಂತೆಯೇ ಇದೆ. ಆದರೆ ನಟಿಯೊಬ್ಬಳ ಅರ್ಧ ಆಯುಷ್ಯದ ದುಡಿಮೆಯನ್ನು ಕಸವೆಂದು ಗುಡಿಸಿ ಹಾಕಿದ ಮೇಲೆ ಬರುವ ಮೆಚ್ಚುಗೆ ಇದು. ಕಾಲದ ಲೆಕ್ಕಕ್ಕೂ ಇದು ಹೊಂದುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವನಾಗಿ ನಿಂತವರು ಉಮಾಶ್ರೀಯವರೇ, ಅದೂ ಗುಲಾಬಿಯ ಪಾತ್ರಕ್ಕೆ ಎಷ್ಟೋ ವರ್ಷ ಮೊದಲು. ಅವರನ್ನು ಯಾರೂ ಉದ್ಧಾರ ಮಾಡಬೇಕಾಗಿರಲಿಲ್ಲ.

ಹಾಸ್ಯನಟ ಎನ್.ಎಸ್. ರಾವ್ ಅವರ ಜೋಡಿಯಾಗಿ ಉಮಾಶ್ರೀ ಆಡಿದ ಮಾತುಗಳಲ್ಲಿ ಎಷ್ಟೋ ಮಾತುಗಳನ್ನು ಇವತ್ತು ಸಮರ್ಥಿಸಲು ಆಗುವುದಿಲ್ಲ, ಸಮರ್ಥಿಸಲೂಬಾರದು. ಹೆಣ್ಣಿನ ಮೈಯನ್ನು ಗೇಲಿಯ ಸರಕು ಮಾಡಿಕೊಂಡ ಬರವಣಿಗೆ ಅದು. ಆದರೆ ಅದನ್ನು ಬರೆದವರ, ತೆಗೆದವರ ಪಾಪವನ್ನು ಆಡಿದವಳ ಲೆಕ್ಕಕ್ಕೆ ಬರೆದು, ಅವಳ ಕಸುಬನ್ನೂ ಅದರ ಜೊತೆ ತಳ್ಳಿಹಾಕುವುದು ಯಾವ ನ್ಯಾಯ? ಆಗಿನ ಕನ್ನಡ ಚಿತ್ರಗಳಲ್ಲಿ ಹಾಸ್ಯದ ಭಾಗಕ್ಕೆ ಮುಖ್ಯ ಕತೆಯ ಜೊತೆ ನಂಟೇ ಇರುತ್ತಿರಲಿಲ್ಲ. ನಾಯಕ ನಾಯಕಿಯ ನಡುವೆ ಐದು ನಿಮಿಷ ಬಂದು, ಹಿಂದು ಮುಂದು ಗೊತ್ತಿಲ್ಲದ ಪಾತ್ರವೊಂದಕ್ಕೆ ಜೀವ ತುಂಬಿ ಹೊರಟುಬಿಡಬೇಕು. ಅಂಥ ಕಡೆ ನಗು ಹುಟ್ಟುವುದು ಮಾತಿನಿಂದಲ್ಲ, ಮಾತು ಕೇಳಿಸಿಕೊಂಡವರ ಮುಖದಿಂದ. ಎದುರಿನವನು ಆಡಿದ ಮಾತು ಇವಳಿಗೆ ತಟ್ಟಿದ್ದು ಯಾವಾಗ, ಅರ್ಥವಾಗಿಯೂ ಆಗದವಳಂತೆ ಎಷ್ಟು ಹೊತ್ತು ಇರಬೇಕು, ಸೊಂಟಕ್ಕೆ ಕೈ ಯಾವಾಗ ಹೋಗಬೇಕು ಎಂಬುದರಲ್ಲಿ ಅರೆಗಳಿಗೆ ಆಚೀಚೆಯಾದರೂ ಇಡೀ ದೃಶ್ಯ ಸತ್ತುಹೋಗುತ್ತದೆ. ಉಮಾಶ್ರೀಯವರ ನಿಜವಾದ ಕಲಿಕೆ ಆಗಿದ್ದು ಇಲ್ಲಿ, ಈ ಕೇಳಿಸಿಕೊಳ್ಳುವ ಕೆಲಸದಲ್ಲಿ. ‘ಪುಟ್ನಂಜ’ದ ಅಜ್ಜಿ ಪುಟ್ಮಲ್ಲಿಯನ್ನು ನೋಡಿ. 1995ರಲ್ಲಿ ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಜನ ಆ ಮುದುಕಿಯನ್ನು ನಂಬಿದ್ದಕ್ಕೆ ಬಿಳಿ ಕೂದಲಷ್ಟೇ ಕಾರಣವಲ್ಲ, ಮೊಮ್ಮಗನ ಮಾತಿಗೆ ಅವಳು ಓಗೊಡುವ ರೀತಿಯೂ ಕಾರಣ.

ಈಗ ಗುಲಾಬಿಗೆ ಬರೋಣ. ಕುಂದಾಪುರದ ಕಡೆಯ ಮೀನುಗಾರರ ಕೇರಿ, ಕಾರ್ಗಿಲ್ ಯುದ್ಧದ ಕಾಲ. ಗಂಡ ಬಿಟ್ಟುಹೋದ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಉಳ್ಳವರ ಮನೆಯಿಂದ ಟಿ.ವಿ., ಡಿಶ್ ಆಂಟೆನಾ ಸಿಗುತ್ತವೆ. ಕೇರಿಯ ಹೆಂಗಸರು ಅವಳ ಗುಡಿಸಲಿಗೆ ಬರತೊಡಗುತ್ತಾರೆ. ಆಮೇಲಿನ ಕತೆ, ಹಾಗೆ ಬರುತ್ತಿದ್ದ ಹೆಂಗಸರಲ್ಲಿ ಒಬ್ಬಳಾದ ನೇತ್ರು ಕಾಣೆಯಾಗಿ ಅದರ ಹೊಣೆ ಗುಲಾಬಿಯ ತಲೆಗೆ ಬಂದದ್ದು, ಎಲ್ಲರಿಗೂ ತಿಳಿದದ್ದೇ. ವಿಮರ್ಶಕರು ಬರೆದದ್ದೂ ಹೆಚ್ಚಾಗಿ ಈ ಭಾಗದ ಬಗ್ಗೆ: ಜಾಗತೀಕರಣ, ಕೋಮುವಾದ, ಮಾಧ್ಯಮ. ಬರೆಯಬೇಕಾದದ್ದೇ. ಆದರೆ ನಟನೆಯ ಬಗ್ಗೆ ಬರೆಯಲು ಹೊರಟಾಗ ಅವರಿಗೆ ಸಿಗುವುದು ‘ಸಂಯಮ’ ಎಂಬ ಒಂದೇ ಮಾತು. ಹಾಸ್ಯದ ಅಬ್ಬರವನ್ನು ಬಿಟ್ಟುಕೊಟ್ಟದ್ದರಿಂದ ಗುಲಾಬಿ ಹುಟ್ಟಿದಳು ಎಂಬುದು ಅದರ ಹಿಂದಿನ ಎಣಿಕೆ. ಈ ಎಣಿಕೆಯೇ ತಪ್ಪು. ಗುಲಾಬಿಯ ಪಾತ್ರದ ತಿರುಳು ನೋಡುವುದು. ತೆರೆಯ ಮೇಲೆ ಏನಾಗುತ್ತಿದೆ ಎಂಬುದನ್ನು ಅವಳ ಮುಖದಲ್ಲೇ ಓದಬೇಕು. ಇನ್ನೊಬ್ಬರ ಮಾತು ಒಳಗಿಳಿಯುವುದನ್ನು ಮುಖದಲ್ಲಿ ತೋರಿಸಿ ತೋರಿಸಿ ಪಳಗಿದವರಿಗೆ ಮಾತ್ರ ಇದು ಸಾಧ್ಯ. ಮನೆ ತುಂಬ ಹೆಂಗಸರು ಕೂತಾಗ ಗುಲಾಬಿಗೆ ಟಿ.ವಿ.ಗಿಂತ ದೊಡ್ಡ ಸಂಭ್ರಮ ಬಂದವರದ್ದು. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ಬಾಗಿಲಲ್ಲಿ ಹಿಂಜರಿಯುತ್ತ ನಿಂತವರ ಮೇಲೆ. ಉಮಾಶ್ರೀ ಇಲ್ಲಿ ಏನನ್ನೂ ಬಿಟ್ಟುಕೊಟ್ಟಿಲ್ಲ. ಹಾಸ್ಯದ ಜೋಡಿಯಲ್ಲಿ ಒಬ್ಬನ ಕಡೆ ತಿರುಗಿದ್ದ ಅದೇ ಎಚ್ಚರವನ್ನು ಇಡೀ ಕೇರಿಯ ಕಡೆ ತಿರುಗಿಸಿದ್ದಾರೆ. ಮನೆ ಖಾಲಿಯಾದಾಗ ನಮಗೆ ಸಂಕಟವಾಗುವುದು ಈ ಎಚ್ಚರಕ್ಕೆ ಎದುರಾಗಿ ಇನ್ನು ಯಾರೂ ಇಲ್ಲ ಎಂಬ ಕಾರಣಕ್ಕೆ.

ಇದು ನಿರ್ದೇಶಕರ ಸಾಧನೆ, ನಟಿಯದ್ದಲ್ಲ ಎನ್ನುವವರಿದ್ದಾರೆ. ಕಾಸರವಳ್ಳಿಯವರ ಚೌಕಟ್ಟು ನಟರಿಗೆ ಕೊಡುವ ಬಿಡುವು ದೊಡ್ಡದು, ಒಪ್ಪುತ್ತೇನೆ. ಆ ಬಿಡುವನ್ನು ತುಂಬುವ ಹೊರೆ ಮಾತ್ರ ನಟರದ್ದೇ. ಭಾಷೆಯ ವಿಷಯವೊಂದನ್ನೇ ನೋಡಿದರೂ ಸಾಕು. ತುಮಕೂರು ಸೀಮೆಯ ಉಮಾಶ್ರೀ ಸಾಕವ್ವನಿಗಾಗಿ ತೆಂಕಣ ಮೈಸೂರಿನ ದಲಿತರ ಕೇರಿಯ ಮಾತನ್ನೂ ಗುಲಾಬಿಗಾಗಿ ಕುಂದಗನ್ನಡವನ್ನೂ ನಾಲಿಗೆಗೆ ತಂದುಕೊಂಡರು. ಕಳೆದುಹೋದ ಹುಂಜಕ್ಕಾಗಿ ಲೋಕವನ್ನೇ ಬೈಯುವ ಸಾಕವ್ವನಲ್ಲಿ ನಗು, ಸಿಟ್ಟು, ಹಸಿವು ಒಂದೇ ಉಸಿರಿನಲ್ಲಿ ಬರಬೇಕು. ಹಾಸ್ಯ ಗೊತ್ತಿಲ್ಲದ ನಟಿಯ ಕೈಗೆ ಸಿಕ್ಕರೆ ಸಾಕವ್ವ ಬರೀ ಗೋಳಿನ ಮುದುಕಿಯಾಗುತ್ತಿದ್ದಳು.

ಉಮಾಶ್ರೀಯವರ ರಾಜಕೀಯದ ಬಗ್ಗೆಯೂ ಇಂಥದ್ದೇ ಸೋಮಾರಿ ಮಾತಿದೆ: ಬಣ್ಣದ ಹೆಸರಿಗೆ ಬಿದ್ದ ಓಟು. ಹೆಸರಿಗೇ ಓಟು ಬೀಳುವುದಾದರೆ ತೇರದಾಳ ವಿಧಾನಸಭಾ ಕ್ಷೇತ್ರದಲ್ಲಿ 2008ರಲ್ಲಿ ಅವರು ಸೋಲುತ್ತಿರಲಿಲ್ಲ. ಸೋತ ಊರಿಗೇ ಮರಳಿ, ರಬಕವಿ-ಬನಹಟ್ಟಿಯ ನೇಕಾರರ ನಡುವೆ ಮತ್ತೆ ನಿಂತು 2013ರಲ್ಲಿ ಗೆದ್ದರು. 2018ರಲ್ಲಿ ಮತ್ತೆ ಸೋತರು. ತಾರಾ ವರ್ಚಸ್ಸಿನ ಕತೆ ಹೀಗಿರುವುದಿಲ್ಲ. ಆದರೆ ಮಂತ್ರಿಯಾಗಿ ಅವರು ಮಾಡಿದ್ದನ್ನು ನಟನೆಗೆ ಹಿಡಿದ ಅಳತೆಗೋಲಿನಿಂದಲೇ ಅಳೆದರೆ ಫಲ ಬೇರೆ. ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಎರಡೂ ಖಾತೆ ಅವರ ಕೈಯಲ್ಲಿದ್ದವು. 2017ರ ಮಾರ್ಚ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಬೀದಿಯಲ್ಲಿ ಹಗಲು ರಾತ್ರಿ ಕೂತರು. ಅದೇ ವರ್ಷ ಅಕ್ಟೋಬರ್ 2ರಂದು ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಟ್ಟಿತು. ಒಳ್ಳೆಯ ಯೋಜನೆಯೇ. ಆದರೆ ಊಟಕ್ಕಾಗಿ ದಿನವೂ ಅಂಗನವಾಡಿಗೇ ಬರಬೇಕು ಎಂದಾಗ ಮಲೆನಾಡು, ಕರಾವಳಿಯ ಒಂಟಿ ಮನೆಗಳ ಬಸುರಿಯರು ಆ ದೂರ ನಡೆಯುವುದು ಹೇಗೆ ಎಂಬ ಪ್ರಶ್ನೆ ಎದ್ದಿತು, ಅಡುಗೆಯ ಹೊರೆ ಅದೇ ಕಾರ್ಯಕರ್ತೆಯರ, ಸಹಾಯಕಿಯರ ಮೇಲೆ ಬಿತ್ತು. ಎದುರಿನವರನ್ನು ಕೇಳಿಸಿಕೊಳ್ಳುವುದೇ ಜೀವಾಳವಾದ ಕಲಾವಿದೆಯ ಖಾತೆಯಲ್ಲಿ ಇದು ಯೋಜನೆ ಹೊರಡುವ ಮೊದಲೇ ಕೇಳಿಸಬೇಕಿತ್ತು. ಖಜಾನೆಯ ಕೀಲಿ ಅವರ ಬಳಿ ಇರಲಿಲ್ಲ ಎಂಬ ಸಮಜಾಯಿಷಿ ಗೌರವಧನಕ್ಕೆ ಒಂದಿಷ್ಟು ಒಪ್ಪೀತು, ಬಸುರಿಯ ನಡಿಗೆಗೆ ಒಪ್ಪುವುದಿಲ್ಲ.

2021ರ ಕೊನೆಗೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಿಂದ ಅವರು ದಿನವೂ ಮನೆಮನೆಗೆ ಬರತೊಡಗಿದಾಗ, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಇಬ್ಭಾಗದ ವಿಮರ್ಶೆಗೆ ಹೇಳಲು ಏನೂ ಉಳಿದಿರಲಿಲ್ಲ. ಗಂಡ ಬಿಟ್ಟ ಹೆಂಗಸು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವವಳು ಪುಟ್ಟಕ್ಕ. ಗುಲಾಬಿಯೂ ಗಂಡ ಬಿಟ್ಟವಳೇ, ಕೈಕಸುಬಿನಿಂದ ಬದುಕಿದವಳೇ. ಒಂದೇ ಸ್ಥಿತಿಯ ಇಬ್ಬರನ್ನು ಒಬ್ಬಳೇ ನಟಿ ಎರಡು ಮಾಧ್ಯಮದಲ್ಲಿ ಆಡಿರುವಾಗ ಅವರನ್ನು ಪಕ್ಕಪಕ್ಕ ಇಟ್ಟು ನೋಡುವುದು ವಿಮರ್ಶೆಯ ಮೊದಲ ಕೆಲಸವಾಗಬೇಕು. ಧಾರಾವಾಹಿ ಎಂಬ ಕಾರಣಕ್ಕೆ ಮೂಗು ಮುರಿಯುವವರು ಗುಲಾಬಿಯ ಕೇರಿಯ ಹೆಂಗಸರು ಅವಳ ಮನೆಗೆ ಬಂದದ್ದು ಏನು ನೋಡಲು ಎಂಬುದಕ್ಕೆ ಉತ್ತರ ಕೊಡಬೇಕು.