ಸಭೆಯಲ್ಲಿ ನಿಗದಿಯಾದ ಹತ್ಯಾಕಾಂಡ

ಸ್ಟಾರ್ ವಾರ್ಸ್ ಲೋಕದ ‘ಆಂಡೋರ್’ ಸರಣಿಯ ಎರಡನೇ ಸೀಸನ್ (2025) ಶುರುವಾಗಿ ಹೆಚ್ಚು ಹೊತ್ತಾಗಿರುವುದಿಲ್ಲ, ಸಾಮ್ರಾಜ್ಯದ ಉನ್ನತಾಧಿಕಾರಿ ಕ್ರೆನಿಕ್ ಗುಟ್ಟಾಗಿ ಅಧಿಕಾರಿಗಳ ಸಭೆ ಕರೆಯುತ್ತಾನೆ. ಚರ್ಚೆ ಘೋರ್ಮನ್ ಗ್ರಹದ್ದು. ಅಲ್ಲಿಯವರು ಜೇಡರೇಷ್ಮೆಯ ಬಟ್ಟೆಗೆ ಹೆಸರಾದವರು. ಅವರ ನೆಲದಡಿಯ ಕಾಲ್ಕೈಟ್ ಖನಿಜ ಸಾಮ್ರಾಜ್ಯಕ್ಕೆ ಬೇಕಾಗಿದೆ. ಅಗೆದರೆ ಗ್ರಹವೇ ಕುಸಿದೀತು. ಘೋರ್ಮನ್ನರು ಸೊಕ್ಕಿನವರೆಂದು ಊರೆಲ್ಲ ನಂಬುವಂತೆ ಮಾಡಬಹುದೆಂದು ಪ್ರಚಾರ ಖಾತೆಯ ಇಬ್ಬರು ಹುರುಪಿನಿಂದ ವಿವರಿಸುತ್ತಾರೆ. ಅದೊಂದೇ ಸಾಲದು, ಬೇಕಾದಾಗ ತಪ್ಪು ಹೆಜ್ಜೆ ಇಡುವ ಬಂಡುಕೋರರೂ ಅಲ್ಲಿರಬೇಕು ಎಂಬುದು ಗುಪ್ತಚರ ಅಧಿಕಾರಿ ಡೆಡ್ರಾ ಮೀರೊಳ ಸಲಹೆ.

1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲಿ ಆಲ್ಡೆರಾನ್ ಗ್ರಹ ಕ್ಷಣದಲ್ಲಿ ಸಿಡಿದುಹೋಯಿತು. ಸತ್ತವರಲ್ಲಿ ಒಬ್ಬರ ಮುಖವನ್ನೂ ನಾವು ಕಂಡಿರಲಿಲ್ಲ. ಈ ಕಥಾಲೋಕವನ್ನು ಪ್ರೀತಿಸುತ್ತ ಬಂದ ನನ್ನಂಥವರಿಗೆ ಆ ಕೊರತೆ ಒಳಗೊಳಗೇ ಕಾಡುತ್ತಿತ್ತು. ‘ಆಂಡೋರ್’ ರೂಪಿಸಿದ ಟೋನಿ ಗಿಲ್ರಾಯ್ ಅದನ್ನು ತುಂಬಿಕೊಟ್ಟಿದ್ದಾರೆ. ಘೋರ್ಮನ್ ಹತ್ಯಾಕಾಂಡದ ಪ್ರಸ್ತಾಪ ‘ರೆಬೆಲ್ಸ್’ ಆನಿಮೇಷನ್ ಸರಣಿಯಲ್ಲೇ ಬಂದಿತ್ತು, ಬರೀ ಹೆಸರಾಗಿ. ಇಲ್ಲಿ ಆ ಜನರ ಅಂಗಡಿ, ಹೋಟೆಲು, ಭಾಷೆ, ನಾಡಗೀತೆ ಎಲ್ಲದರ ಪರಿಚಯವಾದ ಮೇಲೆಯೇ ಗುಂಡು ಹಾರುತ್ತದೆ.

ಯಾನುಸ್ ಮೆಟ್ಸ್ ನಿರ್ದೇಶಿಸಿದ ಎಂಟನೇ ಕಂತು ಇಡೀ ಸ್ಟಾರ್ ವಾರ್ಸ್‌ನಲ್ಲೇ ಅತ್ಯುತ್ತಮವಾದದ್ದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಚೌಕದಲ್ಲಿ ಜನ ಸೇರುತ್ತಾರೆ, ಒಬ್ಬರ ದನಿಗೆ ಇನ್ನೊಬ್ಬರ ದನಿ ಕೂಡಿ ಹಾಡು ಏರುತ್ತದೆ. ಎದುರಿಗೆ ನಿಲ್ಲಿಸಿರುವುದು ಅನುಭವವಿಲ್ಲದ ಸೈನಿಕ ಹುಡುಗರನ್ನು, ಬೇಕೆಂದೇ. ಮೇಲಿಂದ ಸಾಮ್ರಾಜ್ಯದ ಗುರಿಕಾರನೇ ಆ ಹುಡುಗರಲ್ಲೊಬ್ಬನನ್ನು ಹೊಡೆದುರುಳಿಸುತ್ತಾನೆ. ಅಷ್ಟೇ ನೆಪ ಸಾಕು. ತಾನು ಹೊರಗಿನ ಕಿಡಿಗೇಡಿಗಳನ್ನು ಹಿಡಿಯುತ್ತಿದ್ದೇನೆಂದು ನಂಬಿದ್ದ ಸಾಮ್ರಾಜ್ಯದ ನೌಕರ ಸಿರಿಲ್ ಕಾರ್ನ್ ಈ ಗದ್ದಲದ ನಡುವೆ ದಿಕ್ಕೆಟ್ಟು ನಿಲ್ಲುತ್ತಾನೆ. ಆ ಪಾತ್ರದ ನಟ ಕೈಲ್ ಸೊಲ್ಲರ್ ಮುಖದಲ್ಲಿ ನಂಬಿಕೆ ಕಳಚಿಬೀಳುವುದು ಕಣ್ಣಿಗೆ ಕಾಣುತ್ತದೆ. ವರ್ಷಗಟ್ಟಲೆ ಮನಸ್ಸಿನಲ್ಲೇ ಬೆನ್ನಟ್ಟಿದ ಕಥಾನಾಯಕ, ಬಂಡುಕೋರ ಕ್ಯಾಸಿಯನ್ ಎದುರಾದಾಗ ಸಿರಿಲ್ ಮೈಮೇಲೆ ಬೀಳುತ್ತಾನೆ. ಕ್ಯಾಸಿಯನ್‌ಗೋ ಅವನ ಗುರುತೇ ಇಲ್ಲ!

ಮುಂದಿನ ಕಂತಿನಲ್ಲಿ ಸೆನೆಟರ್ ಮಾನ್ ಮಾತ್ಮಾ ಸೆನೆಟ್‌ನಲ್ಲಿ ಎದ್ದುನಿಂತು ಇದು ನರಮೇಧವೆಂದು ಹೇಳುವ ಭಾಷಣಕ್ಕೆ ತೂಕ ಬಂದದ್ದು ಆ ಚೌಕದಿಂದ. ಜೆನೆವೀವ್ ಒರೈಲಿ ಅದನ್ನು ಅಬ್ಬರವಿಲ್ಲದೆ ನಿಭಾಯಿಸಿದ್ದಾರೆ.

ಆದರೆ ಹನ್ನೆರಡು ಕಂತುಗಳಲ್ಲಿ ನಾಲ್ಕು ವರ್ಷದ ಕಥೆ ಮುಗಿಸುವ ಲೆಕ್ಕಾಚಾರ ಎಲ್ಲ ಪಾತ್ರಗಳಿಗೂ ಒಗ್ಗಿಲ್ಲ. ಮೂರು ಕಂತಿಗೊಮ್ಮೆ ಒಂದು ವರ್ಷ ಜಿಗಿಯುತ್ತದೆ. ಮಾನ್‌ಳಿಗೆ, ಬಂಡಾಯದ ತೆರೆಮರೆಯ ಸೂತ್ರಧಾರ ಲೂಥೆನ್‌ಗೆ ಇದರಿಂದ ಲಾಭವೇ ಆಯಿತು. ಪ್ರತಿ ಸಲವೂ ಇನ್ನಷ್ಟು ದಣಿದು ಬರುತ್ತಾರೆ. ಹತ್ತನೇ ಕಂತಿನಲ್ಲಿ ಲೂಥೆನ್‌ನ ಸಹಾಯಕಿ ಕ್ಲೇಯಾ ಆಸ್ಪತ್ರೆಗೆ ನುಸುಳುವ ಭಾಗ, ಎಲಿಜಬೆತ್ ಡುಲಾವ್ ಅಭಿನಯದಿಂದಾಗಿ, ಇಷ್ಟು ದಿನ ಅಂಚಿನಲ್ಲಿದ್ದ ಪಾತ್ರವನ್ನು ನಡುಮಧ್ಯಕ್ಕೆ ತರುತ್ತದೆ. ಬಂಡುಕೋರಳಾದ ಸಿಂಟಾಗೆ ಅಂಥ ಅದೃಷ್ಟವಿಲ್ಲ. ಬಹುಕಾಲದ ಮೇಲೆ ತನ್ನ ಪ್ರೇಯಸಿ ವೆಲ್‌ಳನ್ನು ಸೇರಿದ ಕಂತಿನಲ್ಲೇ ಯಾರದೋ ಕೈತಪ್ಪಿದ ಗುಂಡಿಗೆ ಬಲಿ.

ನನಗೆ ನಿಜವಾಗಿ ಬೇಸರವಾದದ್ದು ಕ್ಯಾಸಿಯನ್‌ನ ಸಂಗಾತಿ ಬಿಕ್ಸ್ ವಿಷಯದಲ್ಲಿ. ಮೊದಲ ಸೀಸನ್ನಿನಲ್ಲಿ ಚಿತ್ರಹಿಂಸೆ ಅನುಭವಿಸಿದವಳು, ತನ್ನನ್ನು ಹಿಂಸಿಸಿದ ವೈದ್ಯನನ್ನು ಈ ಸಲ ತಾನೇ ಮುಗಿಸಿದವಳು. ಅಂಥವಳು ಕ್ಯಾಸಿಯನ್ ಹೋರಾಟದಲ್ಲೇ ಉಳಿಯಲೆಂದು ದೂರ ಸರಿದು, ಕೊನೆಗೆ ಹೊಲದ ನಡುವೆ ಮಗುವನ್ನೆತ್ತಿಕೊಂಡು ನಿಲ್ಲುತ್ತಾಳೆ. ಇಷ್ಟೊಂದು ಜನರಿಗೆ ಬಂಡಾಯದಲ್ಲಿ ಕೆಲಸ ಹುಡುಕಿಕೊಟ್ಟ ಕಥೆಗಾರರು ಅವಳಿಗೂ ಒಂದು ಹುಡುಕಬೇಕಿತ್ತು.