ತೂಗುವ ಕಂಬ, ಹಾರುವ ಶೀಟು

ಈ ವಾರ ನಾಡಹೆಂಚಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅಷ್ಟರಲ್ಲಿ ಭರಣಿ ಮಳೆಯ ಕಾಲ ಬಂತು. ಕೊಳ್ಳೇಗಾಲ, ಹನೂರು ಕಡೆ ಬಾಳೆ ಮಲಗುವುದೂ ಶೀಟು ಹಾರುವುದೂ ವರ್ಷವರ್ಷದ ಸುದ್ದಿ. ಹಾರಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಪೈಪು ತೆಳುವಾಯಿತು, ದಪ್ಪದ್ದು ಹಾಕಿಸಬೇಕಿತ್ತು. ಅಲ್ಲ ಸ್ವಾಮಿ, ಹೊರುವುದಕ್ಕೆ ಅಲ್ಲಿ ಭಾರವೇ ಇಲ್ಲ, ತಕರಾರಿರುವುದೇ ಅದರಲ್ಲಿ.

ಒಂದು ಮಂಗಳೂರು ಹೆಂಚು ಸುಮಾರು ಎರಡೂವರೆ ಕಿಲೋ; ಚದರ ಮೀಟರಿಗೆ 15 ಹಿಡಿಯುತ್ತವೆ. ಎಂದರೆ 37 ಕಿಲೋ, ರೀಪರು ಜಂತೆಗಳ ತೂಕ ಬೇರೆ. ಅರ್ಧ ಮಿಲಿಮೀಟರಿನ ತಗಡು ಅಷ್ಟೇ ಜಾಗಕ್ಕೆ 5 ಕಿಲೋ ತೂಗಿದರೆ ಹೆಚ್ಚು. ಭಾರತೀಯ ಮಾನಕವು ಬೆಂಗಳೂರಿಗೆ ಹಿಡಿದಿರುವ ಗಾಳಿಯ ವೇಗ ಸೆಕೆಂಡಿಗೆ 33 ಮೀಟರು. ಆ ವೇಗಕ್ಕೆ ಚದರ ಮೀಟರಿಗೆ 65 ಕಿಲೋದಷ್ಟು ಒತ್ತಡ. ಅದರಲ್ಲಿ ಅರ್ಧ ಮೇಲಕ್ಕೆ ಎತ್ತಿತೆನ್ನಿ. ಸೂರಿನಂಚಿನ ನಾಲ್ಕು ಹೆಂಚು ಹೋಗಬಹುದು, ಮಿಕ್ಕವು ಕೂತಿರುತ್ತವೆ. ತಗಡಿನ ಗತಿ ಹೇಳಬೇಕೆ? ಮುಂದೆ ತೆರೆದ ಜಗುಲಿಯಿದ್ದರಂತೂ ಗಾಳಿ ಒಳಹೊಕ್ಕು ಅಡಿಯಿಂದಲೂ ನೂಕುತ್ತದೆ.

ಇನ್ನು ಈ ಹೆಂಚು, ತಗಡುಗಳ ಅಡಿಯ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್ಸು. ಅದರ ನಡುಗಂಬ ಮೇಲಿನದನ್ನು ಹೊತ್ತು ನಿಂತಿದೆಯೆಂದೇ ಎಷ್ಟೋ ಮಂದಿ ತಿಳಿದಿದ್ದಾರೆ. ಅದು ಹೊರುವುದಿಲ್ಲ, ತೂಗುತ್ತದೆ. ಕೆಳಗಿನ ಅಡ್ಡತೊಲೆ ಬಾಗದಂತೆ ಮೇಲಿನಿಂದ ಹಿಡಿದಿರುತ್ತದೆ. ಅಡ್ಡತೊಲೆಯ ಕೆಲಸವೂ ಎಳೆತವೇ: ಓರೆತೊಲೆಗಳ ಕಾಲು ಗೋಡೆಯನ್ನು ಹೊರಕ್ಕೆ ನೂಕದಂತೆ ಬಿಗಿಹಿಡಿಯುವುದು. ತೂಗುವುದೆಂದಾಗ ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪ ನೆನಪಾಗುತ್ತದೆ. ಕಲ್ಲು ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಸೋಲುವ ಜಾತಿ. ಆ ಕಲ್ಲನ್ನೇ ಬಳೆಬಳೆಯಾಗಿ ಕೊರೆದು ಸರಪಳಿ ಮಾಡಿ ಇಳಿಬಿಟ್ಟ ಕುಶಲಿಗ, ಬೇರೆ ಯಾವ ಭಾರವನ್ನೂ ಅದಕ್ಕೆ ಹೊರಿಸಲಿಲ್ಲ. ತನ್ನ ತೂಕವನ್ನಷ್ಟೇ ತಾನು ತಾಳಿಕೊಂಡರೆ ಸಾಕೆಂದು ಬಿಟ್ಟ. ಎಳೆತ ಒತ್ತಡಗಳ ಭೇದ ಬಲ್ಲವನ ಕೈ ಅದು.

ಗಾಳಿ ಎತ್ತಿದ ಕ್ಷಣ ಟ್ರಸ್ಸಿನಲ್ಲಿ ಎಲ್ಲವೂ ತಿರುಗುಮುರುಗು. ಎಳೆತದಲ್ಲಿದ್ದ ಕೆಳಪೈಪಿಗೆ ಒತ್ತಡ ಬೀಳುತ್ತದೆ. ಉದ್ದನೆಯ ಸಣ್ಣ ಪೈಪು ಪಕ್ಕಕ್ಕೆ ಸೊಟ್ಟಗಾಗುತ್ತದೆ. ಅದಕ್ಕೇ ಕೆಳಪೈಪುಗಳನ್ನು ಟ್ರಸ್ಸಿನಿಂದ ಟ್ರಸ್ಸಿಗೆ ಪಟ್ಟಿಯಿಂದ ಸೇರಿಸಿ, ಎರಡೂ ಕೊನೆಯ ಅಂಕಣಗಳಲ್ಲಿ ಕ್ರಾಸ್ ಹೊಡೆಸಬೇಕು. ನಾಲ್ಕೂ ಕಡೆ ಇಳಿಜಾರಿನ ಹಳೇ ಮಾಡುಗಳಿಗೆ ಮೂಲೆತೊಲೆಗಳೇ ಆ ಕೆಲಸ ಮಾಡುತ್ತಿದ್ದವು. ಎರಡು ಇಳಿಜಾರಿನ ಮಾಡಿಗೆ ಆ ಭಾಗ್ಯವಿಲ್ಲ. ಕ್ರಾಸ್ ಅಂದರೆ ನಮ್ಮ ವೆಲ್ಡಿಂಗ್ ಶೆಡ್ಡುಗಳವರು ಮೂಗು ಮುರಿಯುತ್ತಾರೆ: ‘ಅದೆಲ್ಲ ಕಲ್ಯಾಣ ಮಂಟಪಕ್ಕೆ ಸಾರ್, ಮನೆಗ್ಯಾಕೆ?’ ಅದೇ ಬಾಯಲ್ಲಿ ಗೇಟಿಗೆ ನವಿಲು ಕೂರಿಸೋಣ ಅನ್ನುತ್ತಾರೆ.

ಗೋಡೆಯ ಗೂಡಿಗೆ ಪೈಪು ತೂರಿಸಿ ಸಿಮೆಂಟು ಮೆತ್ತಿದರೆ ಅದು ಇಟ್ಟ ಹಾಗೆ, ಕಟ್ಟಿದ ಹಾಗಲ್ಲ. ಗೋಡೆಯ ತಲೆಗೆ ಕಾಂಕ್ರೀಟು ಬೆಲ್ಟು ಹಾಕಿ, ಅದರಲ್ಲಿ ಮೊದಲೇ ಹೂತ ಬೋಲ್ಟಿಗೆ ಟ್ರಸ್ಸಿನ ಪಾದ ಬಿಗಿಯಬೇಕು. ಶೀಟಿನ ಮೇಲೆ ಕಲ್ಲು ಹೇರಿರುವವರು ದಯವಿಟ್ಟು ಇಳಿಸಿ. ಶೀಟು ಎದ್ದರೆ ಆ ಕಲ್ಲು ಬೀಳುವುದು ಕೆಳಗೆ ಮಲಗಿದವರ ಮೇಲೆ. ಬದಲಿಗೆ ಜೆ ಬೋಲ್ಟು ತನ್ನಿ. ಸೂರಿನ ಸಾಲಿನಲ್ಲಿ ಒಂದು ಉಬ್ಬು ಬಿಟ್ಟು ಒಂದಕ್ಕೆ ಹಾಕಿದರೆ ಸಾಲದು, ಪ್ರತಿ ಉಬ್ಬಿಗೂ ಹಾಕಿಸಿ. ಗಾಳಿ ಮೊದಲು ಕೈ ಹಾಕುವುದು ಅಲ್ಲಿಗೇ.