ಯುದ್ಧನಿಂದೆಯ ಹಾಡುಗಳು

ಯುದ್ಧವನ್ನು ಹೊಗಳುವ ಕವಿತೆಗೆ ನಮ್ಮ ನಾಡಿನಲ್ಲಿ ಕೊರತೆಯೆಂಬುದಿಲ್ಲ. ಆಳ್ದನಿಗಾಗಿ ಮಡಿದವನ ಕೀರ್ತಿಯನ್ನು ಶಾಸನಗಳೂ ಕಾವ್ಯಗಳೂ ಬೇಸರವಿಲ್ಲದೆ ಹಾಡಿವೆ. ಯುದ್ಧವನ್ನು ನಿಂದಿಸುವ ಹಾಡು ಕಾವ್ಯಪದವಿಗೆ ಏರಬಲ್ಲುದೆ ಎಂಬುದು ಬೇರೆಯ ಪ್ರಶ್ನೆ. ಅಂಥದು ತಾಳಕ್ಕೆ ಕೂಡಿಸಿದ ಘೋಷಣೆಯೇ ಹೊರತು ಮತ್ತೇನೂ ಅಲ್ಲವೆಂದು ನಾನು ಬಹುಕಾಲ ನಂಬಿದ್ದೆನು. ಆ ನಂಬಿಕೆಗೆ ನನ್ನ ವೃತ್ತಿಯೂ ಒಂದು ಕಾರಣವಾಗಿದ್ದಿರಬೇಕು. 1999ರಲ್ಲಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ, ನಾನೇ ಶಾಲೆಯ ಮಕ್ಕಳಿಗೆ ವೀರಗೀತೆಗಳನ್ನು ಕಲಿಸಿ ಬೀದಿಬೀದಿಗಳಲ್ಲಿ ಹಾಡಿಸಿದೆನು. ಒಂದು ಮನೆಯ ಮುಂದೆ ಮಕ್ಕಳ ಕಂಠವು ತಾರಸ್ಥಾಯಿಗೇರಿದಾಗ ಆ ಮನೆಯ ತಾಯಿ ಬಾಗಿಲು ಮುಚ್ಚಿಕೊಂಡರು. ಅವರ ಮಗನು ಸೈನ್ಯದಲ್ಲಿದ್ದನು. ಅಂದು ನನಗೆ ಅದು ಅನಾದರವೆಂದೇ ತೋರಿತು.

ಈಚೆಗೆ ಮಗಳು ಕೇಳಿಸಿದ ಅಮೆರಿಕದ ಗಾಯಕ ಪೀಟ್ ಸೀಗರನ (1919–2014) ಹಾಡುಗಳು ಆ ಮುಚ್ಚಿದ ಬಾಗಿಲನ್ನು ಮತ್ತೆ ನೆನಪಿಗೆ ತಂದವು. ಅವುಗಳಲ್ಲಿ ಮೊದಲನೆಯದು ‘ವೇರ್ ಹ್ಯಾವ್ ಆಲ್ ದ ಫ್ಲವರ್ಸ್ ಗಾನ್’. ರಷ್ಯದ ಶೋಲೊಖೋವನು ಡಾನ್ ನದಿಯ ಸೀಮೆಯನ್ನು ಕುರಿತು ಬರೆದ ಕಾದಂಬರಿಯಲ್ಲಿ ಕೊಸಾಕ್ ಜನರ ಹಾಡೊಂದರ ಮಾತುಗಳಿವೆ. ಅವೇ ಬೀಜವಾಗಿ 1955ರಲ್ಲಿ ಸೀಗರನು ಮೂರು ನುಡಿಗಳನ್ನು ಕಟ್ಟಿದನು. ಹೂವು ಕನ್ನೆಯರ ಕೈಸೇರುತ್ತದೆ, ಕನ್ನೆಯರು ಗಂಡಂದಿರ ಮನೆ ಸೇರುತ್ತಾರೆ, ಗಂಡಸರು ಸೈನ್ಯ ಸೇರುತ್ತಾರೆ. 1960ರಲ್ಲಿ ಜೋ ಹಿಕರ್ಸನ್ ಎಂಬವನು ಇನ್ನೆರಡು ನುಡಿಗಳನ್ನು ಸೇರಿಸಿ ಸೈನಿಕರನ್ನು ಗೋರಿಗೂ ಗೋರಿಯನ್ನು ಮತ್ತೆ ಹೂವಿಗೂ ಜೋಡಿಸಿದನು. ಒಂದರ ಕೊನೆ ಇನ್ನೊಂದರ ಮೊದಲಾಗುವ ಈ ಶೃಂಖಲಾಬಂಧವು ನಮ್ಮ ಆಲಂಕಾರಿಕರ ಏಕಾವಳಿಗೆ ಬಹು ಸಮೀಪದ್ದು. ಆದರೆ ನಮ್ಮಲ್ಲಿ ಅದು ಬಹುಮಟ್ಟಿಗೆ ಸರೋವರ, ತಾವರೆ, ದುಂಬಿಗಳ ಚಮತ್ಕಾರವಾಗಿ ಉಳಿಯಿತು. ಇಲ್ಲಿ ಅಲಂಕಾರವೇ ಅರ್ಥವಾಗಿದೆ. ಸರಪಳಿಯು ಬಳೆಯಾಗಿ ಕೂಡಿಕೊಂಡಾಗ, ಅದರೊಳಗಿಂದ ಹೊರಬರುವ ದಾರಿ ಕಾಣದೆ ಕೇಳುವವನ ಎದೆ ಹಿಂಡುತ್ತದೆ. ಸ್ತ್ರೀಪರ್ವದಲ್ಲಿ ವ್ಯಾಸರು ಗಾಂಧಾರಿಗೆ ದಿವ್ಯದೃಷ್ಟಿಯನ್ನಿತ್ತು ರಣಭೂಮಿಯ ಒಂದೊಂದು ಹೆಣವನ್ನೂ ತೋರಿಸುತ್ತಾರೆ. ಈ ಹಾಡಿನಲ್ಲಿ ಒಂದು ಹನಿ ನೆತ್ತರೂ ಇಲ್ಲ. ಆದರೂ ಕರುಣರಸಕ್ಕೆ ಊನವಿಲ್ಲ.

ಯಾವ ಯುದ್ಧದ ಹೆಸರನ್ನೂ ಹೇಳದ ಹಾಡಿನಿಂದ ಯಾರಿಗೆ ನೋವು, ಯುದ್ಧ ಹೂಡಿದವನೂ ಅದನ್ನು ತಲೆದೂಗುತ್ತ ಕೇಳಬಹುದಲ್ಲವೆ, ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪವು ಸಣ್ಣದಲ್ಲ. ಇದಕ್ಕೆ ಸೀಗರನ ಇನ್ನೊಂದು ಹಾಡೇ ಉತ್ತರವಾಗಿದೆ. ‘ವೇಸ್ಟ್ ಡೀಪ್ ಇನ್ ದ ಬಿಗ್ ಮಡ್ಡಿ’ ಎಂಬುದರ ಕಥೆ ಇಷ್ಟೆ: 1942ರಲ್ಲಿ ಲೂಯಿಸಿಯಾನದಲ್ಲಿ ಕವಾಯತು ನಡೆಸುತ್ತಿದ್ದ ಒಂದು ತುಕಡಿಯನ್ನು ಅದರ ಕ್ಯಾಪ್ಟನ್ ಕೆಸರು ಹೊಳೆಯೊಳಕ್ಕೆ ಇಳಿಸುತ್ತಾನೆ, ಸಾರ್ಜೆಂಟನ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದಕ್ಕೆ ನಡೆಯಿರೆನ್ನುತ್ತಾನೆ, ಕೊನೆಗೆ ತಾನೇ ಮುಳುಗುತ್ತಾನೆ. ವಿಯೆಟ್ನಾಮಿನ ಹೆಸರಿಲ್ಲ, ಅಧ್ಯಕ್ಷ ಜಾನ್ಸನನ ಹೆಸರಿಲ್ಲ. ಆದರೂ 1967ರ ಸೆಪ್ಟೆಂಬರಿನಲ್ಲಿ ಸಿ.ಬಿ.ಎಸ್. ದೂರದರ್ಶನ ಸಂಸ್ಥೆಯು ಸ್ಮದರ್ಸ್ ಸೋದರರ ಕಾರ್ಯಕ್ರಮದಿಂದ ಈ ಹಾಡನ್ನು ಕತ್ತರಿಸಿ ಹಾಕಿತು. ಜನರು ಗದ್ದಲವೆಬ್ಬಿಸಿದ ಮೇಲೆ 1968ರ ಫೆಬ್ರವರಿಯಲ್ಲಿ ಪ್ರಸಾರಕ್ಕೆ ಒಪ್ಪಿತು. ವಾಚ್ಯದಲ್ಲಿ ಇಲ್ಲದುದನ್ನು ಕತ್ತರಿ ಹಿಡಿದವನೇ ಮೊದಲು ಕಂಡುಕೊಂಡನು! ಆನಂದವರ್ಧನನು ಇಂಥ ಸಹೃದಯನನ್ನು ಊಹಿಸಿರಲಾರನು. ಆದರೆ ದೋಷವನ್ನೂ ಹೇಳಬೇಕು. ನೀತಿಯನ್ನು ಕೇಳುವವರಿಗೇ ಬಿಡುವೆನೆಂದ ಕವಿಯು ಮರುಗಳಿಗೆಯಲ್ಲಿಯೇ ವೃತ್ತಪತ್ರಿಕೆಯ ಸುದ್ದಿಯನ್ನೆತ್ತುತ್ತಾನೆ. ಹೊಳೆಯೇ ಎಲ್ಲವನ್ನೂ ಹೇಳಿಯಾಗಿರಲು ಈ ಆತುರವೇಕೆ?

ಹಾಡುವ ಬಗೆಯನ್ನು ಬಿಟ್ಟು ಇವುಗಳ ಬೆಲೆ ಕಟ್ಟಲಾಗದು. ಸೀಗರನು ಸಾಲನ್ನು ಮುಂಚಿತವಾಗಿ ಒದಗಿಸಿಕೊಟ್ಟು ಸಭೆಯನ್ನೇ ಹಾಡಿಸುತ್ತಿದ್ದನು. ನಮ್ಮ ಭಜನೆಯ ಮನೆಗಳಲ್ಲಿ ಮುಂದಾಳು ಮಾಡುವುದೂ ಇದನ್ನೇ. 1969ರ ನವೆಂಬರ್ 15ರಂದು ವಾಷಿಂಗ್ಟನ್ನಿನಲ್ಲಿ ನೆರೆದಿದ್ದ ಲಕ್ಷಾಂತರ ಜನರಿಂದ ಅವನು ಜಾನ್ ಲೆನನ್ನನ ‘ಗಿವ್ ಪೀಸ್ ಎ ಚಾನ್ಸ್’ ಎಂಬುದನ್ನು ಹಾಡಿಸಿದನು. ಓದಲು ಕುಳಿತರೆ ಅದರಲ್ಲಿ ಕಾವ್ಯವು ಅಷ್ಟಕ್ಕಷ್ಟೆ. ನಾಮಸಂಕೀರ್ತನೆಯಲ್ಲಿ ಮಾತ್ರ ನಾವು ಕಾವ್ಯವನ್ನು ಹುಡುಕುವೆವೇನು?

ಇನ್ನೊಂದು ಸಂಗತಿಯನ್ನು ಮರೆಮಾಚುವುದು ವಿಮರ್ಶೆಯ ಧರ್ಮವಲ್ಲ. 1941ರಲ್ಲಿ ಸೀಗರನೂ ಅವನ ಸಂಗಡಿಗರಾದ ಆಲ್ಮನಾಕ್ ಗಾಯಕರೂ ಅಮೆರಿಕವು ಯುದ್ಧಕ್ಕಿಳಿಯಬಾರದೆಂದು ಹಾಡಿ ಧ್ವನಿಮುದ್ರಿಕೆ ಹೊರಡಿಸಿದರು. ಅದೇ ಜೂನಿನಲ್ಲಿ ಹಿಟ್ಲರನು ರಷ್ಯದ ಮೇಲೆ ಬೀಳಲು ಅದನ್ನು ಹಿಂತೆಗೆದುಕೊಂಡರು. ಮರುವರ್ಷ ಯುದ್ಧದ ಪರವಾಗಿಯೇ ಹಾಡಿದರು. ಸೀಗರನು ಸೈನ್ಯವನ್ನೂ ಸೇರಿದನು. ಹಿಟ್ಲರನನ್ನು ಎದುರಿಸಿದುದನ್ನು ನಾನು ತಪ್ಪೆನ್ನೆನು. ಆದರೆ ಪಕ್ಷದ ಅಪ್ಪಣೆಯಂತೆ ಹುಟ್ಟಿದ ಹಾಡು ಪಕ್ಷವು ಮಗ್ಗುಲು ಬದಲಿಸಿದೊಡನೆ ಸತ್ತಿತೆಂಬುದು ನಿಜ. ಹೂವಿನ ಹಾಡನ್ನು ಹಾಗೆ ಹಿಂತೆಗೆದುಕೊಳ್ಳಲು ಬಾರದು. ಅದು ಯಾರಿಗೂ ಅಪ್ಪಣೆ ಕೊಟ್ಟಿಲ್ಲ.

ಈ ಹಾಡನ್ನು ಕನ್ನಡಿಸುವ ಸಾಹಸಕ್ಕೆ ನಾನೂ ಕೈಹಾಕಿದೆನು. ಕನ್ನೆಯರು ಹೂ ಕೊಯ್ಯುವ ನುಡಿಯು ತ್ರಿಪದಿಯಲ್ಲಿ ತಾನಾಗಿಯೇ ಬಂದಿತು. ಮನೆಯಾಕೆ ಅದನ್ನು ಬೀಸುವ ಪದದ ಧಾಟಿಯಲ್ಲಿ ಹಾಡಿಯೂ ತೋರಿಸಿದಳು. ನಾಲ್ಕನೆಯ ನುಡಿಯಲ್ಲಿ ತೊಡಕಾಯಿತು. ದೇಹವನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುವ ಮನೆಗಳಲ್ಲಿ ಗೋರಿಯ ಮೇಲೆ ಹೂವು ಅರಳುವುದೆಂತು? ವೀರಗಲ್ಲನ್ನು ತಂದರೆ ಹೇಗೆಂದು ತೋರಿತು. ನಮ್ಮೂರ ಹೊಲದಂಚಿನ ಕಲ್ಲಿನ ಬುಡದಲ್ಲಿ ತುಂಬೆ ತಾನಾಗಿಯೇ ಬೆಳೆದು ಹೂಬಿಡುತ್ತದೆ. ಆದರೆ ಆ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟವಿದ್ದರೆ ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ, ಅವನು ಶಿವಸನ್ನಿಧಿಯಲ್ಲಿ ಕುಳಿತಿರುತ್ತಾನೆ. ಸೀಗರನ ಗೋರಿಗೆ ಮೇಲಿನ ಪಟ್ಟಿಕೆಗಳಿಲ್ಲ. ನಾಲ್ಕನೆಯ ನುಡಿಯು ಅಲ್ಲಿಯೇ ನಿಂತಿದೆ.